ದೊನ್ಯಾನದ ಮರಳುದಿಬ್ಬಗಳಿಗೆ ಪದ ಬೇಕಾಗಿದೆ (ತುರ್ತು)

ಮಾನ್ಯರೆ,

ಸ್ಪೇನಿನ ದೊನ್ಯಾನ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿರುವ ಕನ್ನಡಿಗರ ತಂಡವೊಂದಕ್ಕಾಗಿ ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ; ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಅಟ್ಲಾಂಟಿಕ್ ಕಡಲ ಗಾಳಿಗೆ ಅಲ್ಲಿನ ಮರಳುದಿಬ್ಬಗಳು ವರ್ಷದಿಂದ ವರ್ಷಕ್ಕೆ ಒಳನಾಡಿನತ್ತ ಸರಿಯುತ್ತ, ಎದುರಾದ ಪೈನ್ ಮರಗಳನ್ನು ಹೂಳುತ್ತ, ದಾಟಿ ಹೋದ ಮೇಲೆ ಒಣಗಿದ ಕಾಂಡಗಳನ್ನಷ್ಟೇ ಉಳಿಸುತ್ತವೆ. ಇವುಗಳಿಗೆ ನಾನು ಬರೆದಿರುವ ‘ಸ್ಥಾನಾಂತರಗೊಳ್ಳುವ ಸೈಕತ ದಿಬ್ಬ’ ನನಗೇ ಒಪ್ಪಿಗೆಯಾಗಿಲ್ಲ. ಎರಡು ದಿಬ್ಬಗಳ ನಡುವೆ ಮರಗಳು ಉಳಿದಿರುವ ತಗ್ಗನ್ನು ಅಲ್ಲಿನವರು ‘ಕೊರ್ರಾಲ್’ ಎನ್ನುತ್ತಾರೆ. ಅದಕ್ಕೂ ಒಂದು ಮಾತು ಬೇಕು. ಬೆಕ್ಕಿನ ಕುಲದ ಕಾಡುಪ್ರಾಣಿಯಾದ ಐಬೀರಿಯದ ಲಿಂಕ್ಸ್‌ಗೆ ‘ಕಾಡುಬೆಕ್ಕು’ ಎಂದಿದ್ದೇನೆ, ಸರಿಯೇ?

ಉತ್ತರ 1

‘ಸ್ಥಾನಾಂತರ’ ಕಚೇರಿಯ ಕಡತದ ಮಾತು, ಕೈಬಿಡಿ. ಸುರಿಮಳೆ, ತೂಗುಮಂಚಗಳ ಹಾಗೆ ‘ನಡೆಮಳಲು’ ಎಂದು ಕಟ್ಟಿಕೊಳ್ಳಬಹುದು. ‘ಮರಳು’ ಎಂಬುದಕ್ಕೆ ಹಿಂದಿರುಗು ಎಂಬ ಅರ್ಥವೂ ಇರುವುದರಿಂದ ‘ನಡೆಮರಳು’ ಗೊಂದಲ ಹುಟ್ಟಿಸುತ್ತದೆ. ಹಳಗನ್ನಡದ ‘ಮಳಲ್’ ತಮಿಳಿನ ‘ಮಣಲ್’ ಎಂಬುದರ ಒಡಹುಟ್ಟು, ಅದರಲ್ಲಿ ಆ ತೊಡಕಿಲ್ಲ. ಮನೆಯಲ್ಲೇ ಮಾತಿರುವಾಗ ‘ಸೈಕತ’ವೂ ಬೇಡ, ‘ಡ್ಯೂನ್’ ಕೂಡ ಬೇಡ, ‘ಕೊರ್ರಾಲ್’ ಅಂತೂ ಬೇಡವೇ ಬೇಡ.

ಉತ್ತರ 2

‘ನಡೆಮಳಲು’ ಒಪ್ಪತಕ್ಕದ್ದಲ್ಲ. ನಿಘಂಟು ತೆರೆಯದೆ ಅರ್ಥವಾಗದ ಮಾತು ಪ್ರವಾಸಿಯ ಕೈಪಿಡಿಗೆ ಸಲ್ಲದು. ಕಾವೇರಿಯ ದಡದಲ್ಲಿ ಗಾಳಿ ತಂದ ಮರಳು ದೇವಾಲಯಗಳನ್ನೇ ಮುಚ್ಚಿದ್ದನ್ನು ನಮ್ಮವರು ಕಂಡಿದ್ದಾರೆ. ‘ತಲಕಾಡು ಮರಳಾಗಲಿ’ ಎಂಬ ಶಾಪವನ್ನು ಕೇಳಿದ ಯಾವ ಕನ್ನಡಿಗನೂ ತಲಕಾಡು ಹಿಂದಿರುಗಲಿ ಎಂದು ತಿಳಿದಿಲ್ಲ. ಹಾಗಿರುವಾಗ ‘ಮರಳು’ ಎಂಬ ಜೀವಂತ ಮಾತನ್ನು ಬದಿಗೊತ್ತಿ ‘ಮಳಲ’ನ್ನು ಎಬ್ಬಿಸಿ ತರುವುದು ಶುದ್ಧಿಯ ಹಟವೇ ಹೊರತು ಭಾಷೆಯ ಅಗತ್ಯವಲ್ಲ. ಹಾಗೆಂದು ‘ನಡೆದಿಬ್ಬ’ ಎಂದೂ ಬರೆಯಬೇಡಿ: ಬಹುವಚನದ ‘ನಡೆದಿಬ್ಬಗಳು’ ಕಣ್ಣಿಗೆ ‘ನಡೆದ ಇಬ್ಬರು’ ಎಂಬಂತೆ ಒಡೆದು ಕಾಣುತ್ತದೆ. ‘ಅಲೆಯುವ ದಿಬ್ಬ’ವೂ ತಪ್ಪು, ಏಕೆಂದರೆ ಅಲೆಯುವುದಕ್ಕೆ ಗೊತ್ತಾದ ದಿಕ್ಕಿಲ್ಲ, ದೊನ್ಯಾನದ ದಿಬ್ಬಗಳಿಗೆ ಉಂಟು. ‘ಸರಿಯುವ ಮರಳುದಿಬ್ಬ’ ಎಂದರೆ ಸಾಕು. ಪ್ರತಿಯೊಂದಕ್ಕೂ ಸಮಾಸ ಕಟ್ಟಲೇಬೇಕೆಂಬ ನಿಯಮವಿಲ್ಲ.

ಸ್ಪ್ಯಾನಿಷ್‌ನಲ್ಲಿ ‘ಕೊರ್ರಾಲ್’ ಎಂದರೆ ದನಕರುಗಳನ್ನು ಕೂಡುವ ಆವರಣ, ಅಂದರೆ ನಮ್ಮ ದೊಡ್ಡಿಯೇ. ಮರಳು ಸುತ್ತುಗಟ್ಟಿ ನಿಲ್ಲಿಸಿದ ಮರಗಳಿಗೆ ಅದಕ್ಕಿಂತ ಒಪ್ಪುವ ಮಾತು ನನಗೆ ತೋಚುತ್ತಿಲ್ಲ. ಆದರೆ ಪ್ರವಾಸಿಗರು ಅಲ್ಲಿ ಕೇಳುವುದು ಆ ಸ್ಪ್ಯಾನಿಷ್ ಹೆಸರನ್ನೇ ಆದ್ದರಿಂದ ಮೊದಲ ಸಲ ‘ಕೊರ್ರಾಲ್, ಅಂದರೆ ಮರದೊಡ್ಡಿ’ ಎಂದು ಎರಡನ್ನೂ ಕೊಟ್ಟು, ಮುಂದೆ ‘ಮರದೊಡ್ಡಿ’ ಎಂದಷ್ಟೇ ಬರೆಯಿರಿ.

‘ಕಾಡುಬೆಕ್ಕ’ನ್ನು ಮಾತ್ರ ಇಂದೇ ತೆಗೆದುಹಾಕಿ. ಕಿವಿಯ ತುದಿಯಲ್ಲಿ ಕಪ್ಪು ಕೂದಲ ಕುಚ್ಚು, ಮೊಂಡು ಬಾಲ ಇರುವ ಆ ಪ್ರಾಣಿ ನಮ್ಮ ಕಾಡುಗಳಲ್ಲಿಲ್ಲ, ನಮ್ಮ ಕಾಡುಬೆಕ್ಕು ಬೇರೆಯೇ ಪ್ರಾಣಿ. ಇಲ್ಲಿ ‘ಲಿಂಕ್ಸ್’ ಎಂದು ಎರವಲು ಪಡೆಯುವುದೇ ಪ್ರಾಮಾಣಿಕ ಅನುವಾದ.