ಮುಂದಿನ ಶನಿವಾರ ಗೆಲ್ಲಲು ನಮ್ಮ ಕಾಲೇಜು ತಂಡಕ್ಕೆ ಏನು ಬೇಕು?

ಪ್ರಶ್ನೆ: ಕಳೆದ ವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ತಂಡವು ಎದುರಾಳಿಯ 20 ಗಜದ ಗೆರೆಯೊಳಕ್ಕೆ ನಾಲ್ಕು ಬಾರಿ ನುಗ್ಗಿಯೂ ಮೂರು ಬಾರಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ 3 ಅಂಕಗಳ ಫೀಲ್ಡ್ ಗೋಲ್‌ಗೇ ತೃಪ್ತಿಪಡಬೇಕಾಯಿತು. ಮುಂದಿನ ಪಂದ್ಯವು ಎದುರಾಳಿಗಳ ಅಂಗಳದಲ್ಲಿದೆ. ಕ್ವಾರ್ಟರ್‌ಬ್ಯಾಕ್‌ನನ್ನು (ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರನನ್ನು) ಬದಲಿಸುವುದು ಸರಿಯೇ?

ಉತ್ತರ 1: ಖಂಡಿತ ಬೇಡ. ತೊಂದರೆ ಇರುವುದು ಆತನನ್ನು ಕಾಯುವ ಐವರಲ್ಲಿ. ಅವರ ಸಾಲಿನ ಎಡ ತುದಿಯಲ್ಲಿರುವ ಎಡ ಟ್ಯಾಕಲ್ ಹಿಮ್ಮಡಿಯ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದುದರಿಂದ ಪ್ರತಿ ಬಾರಿಯೂ ಹಿಂದಕ್ಕೆ ತಳ್ಳಲ್ಪಟ್ಟ. ಮೊದಲ ಡೌನ್‌ನಲ್ಲಿ (ಹತ್ತು ಗಜ ಮುನ್ನಡೆಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೊದಲನೆಯದರಲ್ಲಿ) ಓಟದಿಂದಲೇ ನಾಲ್ಕೈದು ಗಜ ದಕ್ಕಿದರೆ ಮೂರನೆಯ ಡೌನ್‌ಗೆ ಎರಡು ಮೂರು ಗಜ ಮಾತ್ರ ಉಳಿಯುತ್ತದೆ, ಆಗ ನಮ್ಮವರು ಓಡುವರೋ ಎಸೆಯುವರೋ ಎಂದು ಎದುರಾಳಿಗಳು ಊಹಿಸಲಾರರು. ಒಂಬತ್ತು ಗಜ ಉಳಿದರೆ ಎಸೆತವೇ ಎಂಬುದು ಇಡೀ ಕ್ರೀಡಾಂಗಣಕ್ಕೆ ತಿಳಿದಿರುತ್ತದೆ.

ಉತ್ತರ 2: ಒಪ್ಪುತ್ತೇನೆ. ಆದರೆ ಎದುರಾಳಿಗಳ ಅಂಗಳದಲ್ಲಿ ಪ್ರೇಕ್ಷಕರ ಗದ್ದಲವನ್ನು ಮರೆಯಬೇಡಿ. ಕೂಗಿದ ಸಂಕೇತ ಕೇಳಿಸದೆ ಒಬ್ಬ ಆಟಗಾರ ಮೊದಲೇ ಅಲುಗಿದರೂ ಫಾಲ್ಸ್ ಸ್ಟಾರ್ಟ್‌ಗೆ 5 ಗಜ ದಂಡ ತೆರಬೇಕಾಗುತ್ತದೆ. ಈ ವಾರವಿಡೀ ಧ್ವನಿವರ್ಧಕದ ಸದ್ದಿನಲ್ಲಿ, ಮೌನ ಸಂಕೇತದಿಂದಲೇ ಅಭ್ಯಾಸ ನಡೆಯಬೇಕು.

ಪ್ರಶ್ನೆ ಕೇಳಿದವರು: ಟ್ಯಾಕಲ್‌ನ ನಿಲುವನ್ನು ನಾನು ಗಮನಿಸಿರಲಿಲ್ಲ. ಪಂದ್ಯದ ದೃಶ್ಯಾವಳಿಯನ್ನು ಇಂದೇ ಮತ್ತೊಮ್ಮೆ ನೋಡುತ್ತೇನೆ.