ಎರಡು ಬಾರಿ ಚಿಕಿತ್ಸೆ ಪಡೆದರೂ ತಮ್ಮ ಮತ್ತೆ ಮಾದಕ ವಸ್ತುವಿಗೆ ಮರಳಿದ್ದಾನೆ. ಮೂರನೆಯ ಬಾರಿ ಕರೆದೊಯ್ದರೆ ಪ್ರಯೋಜನವಿದೆಯೇ?

ಪ್ರಶ್ನೆ (ಅಕ್ಕ ಬರೆದದ್ದು)

ನನ್ನ ತಮ್ಮನಿಗೆ ಇಪ್ಪತ್ತೇಳು ವರ್ಷ. ಬೆನ್ನುನೋವಿಗೆಂದು ಬರೆದುಕೊಟ್ಟಿದ್ದ ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಮಾತ್ರೆಗಳಿಂದ ಆರಂಭವಾದ ಚಟ ಮೂರು ವರ್ಷಗಳಲ್ಲಿ ಹೆರಾಯಿನ್‌ವರೆಗೆ ಬಂದು ನಿಂತಿದೆ. ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ಎರಡು ಸಲವೂ ಹತ್ತು ದಿನಗಳಲ್ಲಿ ಗುಣವಾದವನಂತೆ ಮನೆಗೆ ಬಂದ, ಊಟ ನಿದ್ದೆಗಳು ಸರಿಹೋದವು, ಆದರೆ ತಿಂಗಳು ತುಂಬುವುದರೊಳಗೆ ಹಳೆಯ ದಾರಿಯನ್ನೇ ಹಿಡಿದ. ಬಿಡಬೇಕೆಂಬ ಮನಸ್ಸಿದ್ದವನು ಮನೆಯಲ್ಲಿಯೇ ಬಿಡುತ್ತಾನೆ, ಮನಸ್ಸಿಲ್ಲದವನಿಗೆ ಯಾವ ಆಸ್ಪತ್ರೆಯೂ ನೆರವಾಗದು ಎಂಬುದು ಈಗ ತಂದೆಯವರ ನಿಲುವು. ತಮ್ಮನೂ ಅದನ್ನೇ ಹಿಡಿದುಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಒಂದು ವಾರ ಸಹಿಸಿದರೆ ಸಾಕು ಎನ್ನುತ್ತಿದ್ದಾನೆ. ಚಿಕಿತ್ಸೆಯಲ್ಲಿ, ಮನೆಯಲ್ಲಿ ಆಗದಂಥದ್ದು ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ (ವ್ಯಸನಮುಕ್ತಿ ವಿಭಾಗದಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಶುಶ್ರೂಷಕಿ)

ನಿಮ್ಮ ತಮ್ಮನ ಚಿಕಿತ್ಸೆ ಎರಡು ಬಾರಿ ಸೋತಿತು ಎಂದು ನಾನು ಹೇಳಲಾರೆ. ಎರಡು ಬಾರಿಯೂ ಅದು ಆರಂಭವಾಗುವ ಹೊತ್ತಿಗೆ ಮುಗಿದುಹೋಗಿದೆ. ಆ ಹತ್ತು ದಿನಗಳಲ್ಲಿ ನಡೆದದ್ದು ದೇಹದಿಂದ ಮಾದಕ ವಸ್ತುವನ್ನು ಇಳಿಸುವ ಕೆಲಸ, ಅಂದರೆ ಡಿಟಾಕ್ಸ್. ಹೆರಾಯಿನ್ ನಿಲ್ಲಿಸಿದ ಎಂಟು ಹನ್ನೆರಡು ಗಂಟೆಗಳಲ್ಲಿ ಮೈಕೈ ನೋವು, ಬೆವರು, ವಾಂತಿ, ಭೇದಿ, ನಿದ್ರಾಹೀನತೆಗಳು ಶುರುವಾಗಿ, ಎರಡನೆಯ ಮೂರನೆಯ ದಿನ ಉಲ್ಬಣಿಸಿ, ವಾರ ಹತ್ತು ದಿನಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಇಳಿದಾಗ ಮನೆಯವರಿಗೆ ರೋಗವೇ ಹೋಯಿತೆಂದು ಅನ್ನಿಸುವುದು ಸಹಜ. ಆದರೆ ಬಯಕೆ, ಸಂತೋಷ, ಕಲಿಕೆಗಳನ್ನು ನಡೆಸುವ ಮಿದುಳಿನ ಡೋಪಮಿನ್ ವ್ಯವಸ್ಥೆ ವರ್ಷಗಟ್ಟಲೆ ಆ ಒಂದೇ ವಸ್ತುವಿಗೆ ಒಗ್ಗಿಹೋಗಿರುತ್ತದೆ; ತಡೆದು ಯೋಚಿಸುವಂತೆ ಮಾಡುವ ಮಿದುಳಿನ ಮುಂಭಾಗ ದುರ್ಬಲವಾಗಿರುತ್ತದೆ. ಅದು ಹತ್ತು ದಿನಗಳಲ್ಲಿ ಸರಿಹೋಗುವಂಥದ್ದಲ್ಲ. ಮನಸ್ಸು ಮಾಡಬೇಕು ಎನ್ನುವ ತಂದೆಯವರ ಮಾತು ತಪ್ಪಲ್ಲ, ಆದರೆ ಮನಸ್ಸು ಮಾಡುವ ಅಂಗಕ್ಕೇ ಪೆಟ್ಟು ಬಿದ್ದಿದೆ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಮೊದಲು ಸಹಿಸುತ್ತಿದ್ದ ಪ್ರಮಾಣವನ್ನು ಕೆಲವು ದಿನ ಬಿಟ್ಟ ದೇಹ ಸಹಿಸಲಾರದು. ಬಿಟ್ಟವನು ಒಂದು ದುರ್ಬಲ ಗಳಿಗೆಯಲ್ಲಿ ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತ ನಿಂತೇಹೋಗಬಹುದು. ಆಸ್ಪತ್ರೆಯಿಂದಲೋ ಸೆರೆಮನೆಯಿಂದಲೋ ಹೊರಬಂದ ಮೊದಲ ಕೆಲವು ವಾರಗಳಲ್ಲಿ ಇಂಥ ಸಾವುಗಳು ಹೆಚ್ಚು. ಆದ್ದರಿಂದ ಬಾಗಿಲು ಹಾಕಿಕೊಂಡು ಒಂದು ವಾರ ಸಹಿಸುವ ಯೋಜನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಆ ವಾರವಲ್ಲ, ಅದರ ಮುಂದಿನ ತಿಂಗಳು.

ಚಿಕಿತ್ಸೆ ಅಂದರೆ ಆ ಮುಂದಿನ ತಿಂಗಳುಗಳು. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಓಪಿಯಾಯ್ಡ್ ವ್ಯಸನಕ್ಕೆ ಔಷಧವನ್ನು ಒಂದು ವರ್ಷ, ಹಲವರಿಗೆ ಅದಕ್ಕೂ ಹೆಚ್ಚು ಕಾಲ ಕೊಡಬೇಕಾಗುತ್ತದೆ. ಹಿಂದಿನ ಎರಡು ಬಾರಿ ಇಂಥ ಔಷಧವನ್ನು, ಅಂದರೆ ಓಪಿಯಾಯ್ಡ್ ವರ್ಗಕ್ಕೇ ಸೇರಿದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಅನ್ನು ಆರಂಭಿಸಿದ್ದರೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ಒಂಬತ್ತು ವರ್ಷಗಳಿಂದ ಮಾದಕ ವಸ್ತುವಿನಿಂದ ದೂರವಿರುವವನು)

ಮೇಲಿನವರು ದೇಹದ ಕಥೆ ಹೇಳಿದ್ದಾರೆ. ನಾನು ಉಳಿದದ್ದನ್ನು ಹೇಳುತ್ತೇನೆ. ನಾನು ಮನಸ್ಸಾರೆ ಚಿಕಿತ್ಸೆಗೆ ಹೋದವನಲ್ಲ, ಮನೆಯವರ ಕಾಟಕ್ಕೆ ಹೋದವನು. ಮನಸ್ಸು ಬಂದದ್ದು ಅಲ್ಲಿಗೆ ಹೋಗಿ ಎಷ್ಟೋ ವಾರಗಳಾದ ಮೇಲೆ. ಆದ್ದರಿಂದ ಅವನಾಗಿಯೇ ಬಯಸಲಿ ಎಂದು ಕಾಯುತ್ತ ಕೂರಬೇಡಿ.

ಆಪ್ತಸಮಾಲೋಚಕರು ನನಗೆ ಉಪದೇಶ ಮಾಡಲಿಲ್ಲ. ಯಾವ ಹೊತ್ತಿನಲ್ಲಿ, ಯಾರೊಂದಿಗಿದ್ದಾಗ, ಯಾವ ಮನಃಸ್ಥಿತಿಯಲ್ಲಿ ಆಸೆ ಏಳುತ್ತದೆ ಎಂದು ಬರೆದಿಡಿಸಿದರು. ಎರಡು ವಾರ ಬರೆದ ಮೇಲೆ ನನಗೇ ಕಂಡದ್ದು, ಹಣ ಕೈಗೆ ಬಂದ ಸಂಜೆ ಮತ್ತು ಯಾರೊಂದಿಗಾದರೂ ಜಗಳವಾಡಿದ ರಾತ್ರಿ, ಇವೆರಡೇ ನನ್ನ ಮುಖ್ಯ ಅಪಾಯಗಳು ಎಂಬುದು. ಅಲ್ಲಿಯವರೆಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಹೋರಾಟ ಎಂದುಕೊಂಡಿದ್ದೆ. ಏರಿದ ಆಸೆ ಏರುತ್ತಲೇ ಹೋಗುವುದಿಲ್ಲ, ಅಲೆಯಂತೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ ಎಂಬುದನ್ನು ಯಾರೋ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಜೊತೆಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಅದು ಇಳಿಯುವುದನ್ನು ನೋಡಿದ ಮೇಲೆ ನಂಬಿದೆ. ಇದನ್ನು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕುಳಿತು ಕಲಿಯಲು ನನ್ನಿಂದಂತೂ ಆಗಿರಲಿಲ್ಲ.

ನಡುವೆ ಒಮ್ಮೆ ಜಾರಿದೆ. ಮರುದಿನವೇ ಹೋಗಿ ಹೇಳಿದೆ, ಅವರು ಹೊರಗೆ ಹಾಕಲಿಲ್ಲ, ಔಷಧದ ಪ್ರಮಾಣವನ್ನು ಬದಲಿಸಿದರು. ಜಾರಿದ್ದನ್ನು ಮುಚ್ಚಿಡಬೇಕಾಗಿಲ್ಲದ ಒಂದು ಜಾಗವಿತ್ತು ಎಂಬುದೇ ನನ್ನನ್ನು ಉಳಿಸಿತು ಎಂದು ಈಗಲೂ ಅಂದುಕೊಳ್ಳುತ್ತೇನೆ.

ಅಕ್ಕ, ಮರಳಿ ಬರೆದದ್ದು

ಇಬ್ಬರಿಗೂ ಕೃತಜ್ಞತೆಗಳು. ಬಿಡುಗಡೆಯ ಕಾಗದಗಳನ್ನು ಹುಡುಕಿ ನೋಡಿದೆ. ನೋವು, ನಿದ್ದೆ, ವಾಂತಿಗಳಿಗೆ ಕೊಟ್ಟ ಮಾತ್ರೆಗಳ ಹೊರತು ನೀವು ಹೇಳಿದ ಔಷಧಗಳ ಹೆಸರಿಲ್ಲ. ತಂದೆಯವರಿಗೆ ಓದಿ ಹೇಳಿದಾಗ ಅವರು ಕೇಳಿದ ಪ್ರಶ್ನೆ ಇದು: ಈ ಔಷಧಗಳೂ ಓಪಿಯಾಯ್ಡ್‌ಗಳೇ ಆದರೆ, ಒಂದು ಚಟವನ್ನು ಬಿಡಿಸಿ ಇನ್ನೊಂದನ್ನು ಹಚ್ಚಿದಂತಾಗುವುದಿಲ್ಲವೇ?

ಉತ್ತರ (ಶುಶ್ರೂಷಕಿ)

ಈ ಪ್ರಶ್ನೆಯನ್ನು ಕೇಳದ ತಂದೆತಾಯಿಯರನ್ನು ನಾನು ಕಂಡಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೆರಾಯಿನ್ ಮಿದುಳನ್ನು ತಟ್ಟನೆ ಮುಟ್ಟಿ, ನಶೆ ಏರಿಸಿ, ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಏರುವ, ಇಳಿಯುವ, ಮತ್ತೆ ಹುಡುಕುವ ಆ ಚಕ್ರದಲ್ಲಿಯೇ ದಿನ ಕಳೆಯುತ್ತದೆ. ಮೆಥಡೋನ್, ಹೆರಾಯಿನ್ ಹೋಗಿ ಕೂರುವ ಮಿದುಳಿನ ಅದೇ ಗ್ರಾಹಕಗಳ (ರಿಸೆಪ್ಟರ್) ಮೇಲೆ ನಿಧಾನವಾಗಿ ಕುಳಿತು ಸುಮಾರು ಒಂದು ದಿನ ಉಳಿಯುತ್ತದೆ. ಬ್ಯುಪ್ರೆನಾರ್ಫಿನ್ ಆ ಗ್ರಾಹಕಗಳನ್ನು ಅರೆಬರೆಯಾಗಿ ಮಾತ್ರ ಪ್ರಚೋದಿಸುವುದರಿಂದ ಒಂದು ಮಿತಿಯ ಆಚೆ ಪ್ರಮಾಣ ಹೆಚ್ಚಿಸಿದರೂ ಪರಿಣಾಮ ಅಷ್ಟಾಗಿ ಹೆಚ್ಚುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಪಡೆಯುವವನಿಗೆ ನಶೆಯೂ ಇರುವುದಿಲ್ಲ, ಬಿಟ್ಟ ಸಂಕಟವೂ ಇರುವುದಿಲ್ಲ. ಅವನು ಕೆಲಸಕ್ಕೆ ಹೋಗುತ್ತಾನೆ, ಸಮಾಲೋಚನೆಗೆ ಕುಳಿತಾಗ ಕೇಳಿಸಿಕೊಳ್ಳುತ್ತಾನೆ. ದೇಹ ಔಷಧವನ್ನು ಅವಲಂಬಿಸಿರುವುದು ನಿಜ. ಹಾನಿಯಾಗುತ್ತಿದೆ ಎಂದು ತಿಳಿದೂ ಕೈ ತಡೆಯಲಾಗದೆ ಹುಡುಕಿಕೊಂಡು ಹೋಗುವುದು ವ್ಯಸನ. ಇವೆರಡು ಒಂದೇ ಅಲ್ಲ.

ಇದು ಹೊಸ ಪ್ರಯೋಗವೂ ಅಲ್ಲ. ಮೆಥಡೋನ್ ಚಿಕಿತ್ಸೆಯ ಮೊದಲ ಫಲಿತಾಂಶಗಳು 1965ರಲ್ಲಿ ನ್ಯೂಯಾರ್ಕ್‌ನಿಂದ ಪ್ರಕಟವಾದವು. ಎರಡೂ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಾನ್ಸ್‌ನಲ್ಲಿ ಸಾಮಾನ್ಯ ವೈದ್ಯರೂ ಬ್ಯುಪ್ರೆನಾರ್ಫಿನ್ ಬರೆದುಕೊಡಲು ಅವಕಾಶವಾದ 1990ರ ದಶಕದ ಮಧ್ಯಭಾಗದಿಂದ ಕೆಲವೇ ವರ್ಷಗಳಲ್ಲಿ ಹೆರಾಯಿನ್ ಓವರ್‌ಡೋಸ್ ಸಾವುಗಳು ತೀವ್ರವಾಗಿ ಇಳಿದವು. ಅಂದಹಾಗೆ, ಕೊಕೇನ್ ಮತ್ತು ಮೆಥಾಂಫೆಟಮಿನ್ ವ್ಯಸನಗಳಿಗೆ ಇಂಥ ಸ್ಥಾಪಿತ ಔಷಧವಿಲ್ಲ, ಅಲ್ಲಿ ಸಮಾಲೋಚನೆ ಮತ್ತು ವರ್ತನಾ ಚಿಕಿತ್ಸೆಗಳೇ ಆಧಾರ. ಆ ಕುಟುಂಬಗಳು ನನ್ನ ಮಾತನ್ನು ಹಾಗೆಯೇ ಅನ್ವಯಿಸಿಕೊಳ್ಳಬಾರದು.

ಉತ್ತರ (ಒಬ್ಬ ತಾಯಿ)

ಒಂದೇ ಮಾತು. ನಾನು ಮಗನೊಂದಿಗೆ ಅವನು ನಶೆಯಲ್ಲಿದ್ದಾಗಲೇ ಜಗಳವಾಡುತ್ತಿದ್ದೆ, ಏಕೆಂದರೆ ಸಿಟ್ಟು ಬರುತ್ತಿದ್ದದ್ದು ಆಗಲೇ. ಸಮಾಲೋಚಕರು ನನ್ನನ್ನೂ ಕೂರಿಸಿಕೊಂಡು, ತಿಳಿಯಾಗಿರುವ ಹೊತ್ತಿನಲ್ಲಿ ಮಾತನಾಡಿ, ಕೈಗೆ ಹಣ ಕೊಡುವ ಬದಲು ಜೊತೆಗೆ ಹೋಗಿ ಬೇಕಾದದ್ದನ್ನು ಕೊಡಿಸಿ, ಅವನು ಒಪ್ಪಿದ ದಿನವೇ ಹೋಗಲು ವೈದ್ಯರ ಸಮಯವನ್ನು ಮೊದಲೇ ಗೊತ್ತುಮಾಡಿಕೊಂಡಿರಿ ಎಂದು ಹೇಳಿಕೊಟ್ಟರು. ಒಪ್ಪಿಗೆ ಬಹಳ ಹೊತ್ತು ನಿಲ್ಲುವುದಿಲ್ಲ.

ಅಕ್ಕ, ಮರಳಿ ಬರೆದದ್ದು

ಇಂದು ಬೆಳಗ್ಗೆ ಮಾತನಾಡಿದೆ. ಸೋಮವಾರ ಬರುತ್ತೇನೆ ಎಂದಿದ್ದಾನೆ, ತಂದೆಯವರೂ ಜೊತೆಗೆ ಬರುತ್ತಾರಂತೆ. ಅಲ್ಲಿಯವರೆಗಿನ ನಾಲ್ಕು ದಿನ ನಾವು ಏನು ಮಾಡಬೇಕು?

ಉತ್ತರ (ಶುಶ್ರೂಷಕಿ)

ಮೊದಲೇ ಹೋಗಲು ಸಾಧ್ಯವೇ ಎಂದು ಇಂದೇ ಕರೆಮಾಡಿ ಕೇಳಿ. ಅಲ್ಲಿಯವರೆಗೆ ಬಲವಂತವಾಗಿ ನಿಲ್ಲಿಸಬೇಡಿ, ಅವನನ್ನು ಒಂಟಿಯಾಗಿ ಬಿಡಬೇಡಿ. ಓವರ್‌ಡೋಸ್ ಆದಾಗ ಉಸಿರನ್ನು ಮರಳಿಸುವ ನಲಾಕ್ಸೋನ್ ದೊರೆಯುವುದಾದರೆ ಮನೆಯಲ್ಲಿಟ್ಟುಕೊಂಡು ಬಳಕೆಯನ್ನು ಕಲಿಯಿರಿ. ಅದರ ಪರಿಣಾಮ ಹೆರಾಯಿನ್‌ಗಿಂತ ಮೊದಲೇ ಇಳಿಯಬಹುದಾದ್ದರಿಂದ, ಅದನ್ನು ಕೊಟ್ಟರೂ ಆಂಬುಲೆನ್ಸ್ ಕರೆಯಲೇಬೇಕು. ಅವನು ನಿದ್ದೆ ಮಾತ್ರೆಯನ್ನಾಗಲಿ ಮದ್ಯವನ್ನಾಗಲಿ ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮರೆಯದೆ ಹೇಳಿ, ಏಕೆಂದರೆ ಅವೆರಡನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕೊನೆಯ ಬಾರಿ ಹೆರಾಯಿನ್ ತೆಗೆದುಕೊಂಡ ಗಂಟೆಯನ್ನೂ ಬರೆದುಕೊಂಡು ಹೋಗಿ. ಬ್ಯುಪ್ರೆನಾರ್ಫಿನ್‌ನ ಮೊದಲ ಪ್ರಮಾಣವನ್ನು ಹೆರಾಯಿನ್ ಬಿಟ್ಟ ಸಂಕಟ ಆರಂಭವಾದ ಮೇಲೆಯೇ ಕೊಡಬೇಕು. ಅದಕ್ಕಿಂತ ಮೊದಲು ಕೊಟ್ಟರೆ ಅದೇ ಸಂಕಟವನ್ನು ತಂದೊಡ್ಡುತ್ತದೆ, ಆಗ ಅವನು ಮೊದಲ ದಿನವೇ ಎದ್ದು ಹೊರಟುಬಿಡಬಹುದು.