ಸಹಾಯ ಬೇಕು: ‘ರನ್’ ಪದವನ್ನು ಮಗಳಿಗೆ ಹೇಗೆ ಕಲಿಸಲಿ?

ಎಲ್ಲರಿಗೂ ನಮಸ್ಕಾರ. ಮಗಳು ‘ರನ್’ ಅಂದರೆ ಓಡು ಅಂತಷ್ಟೇ ಕಲಿತಿದ್ದಾಳೆ. ನಿನ್ನೆ ಪಾಠದಲ್ಲಿ ‘ನೋಸ್ ಈಸ್ ರನ್ನಿಂಗ್’ ಅಂತ ಬಂತು. ‘ಮೂಗು ಓಡುತ್ತಿದೆ’ ಅಂತ ಬರೆದು, ಪೆನ್ಸಿಲ್ ಕಚ್ಚುತ್ತಾ ನನ್ನ ಮುಖ ನೋಡಿದಳು.

ನಮ್ಮಲ್ಲಿ ಮೂಗು ಸೋರುತ್ತದೆ, ನದಿ ಹರಿಯುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ಅಂಗಡಿ ನಡೆಸುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ರನ್’ ಸಾಕು. ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ‘ರನ್’ ಮಾಡುತ್ತಾರೆ! ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಈ ಕ್ರಿಯಾಪದಕ್ಕೇ 600ಕ್ಕೂ ಜಾಸ್ತಿ ಅರ್ಥಗಳಿವೆ.

ಸುಮ್ನೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಲು ಮನಸ್ಸಿಲ್ಲ. ನಿಲ್ಲದೆ ಮುಂದೆ ಸಾಗುವುದು ಅನ್ನುವ ಎಳೆ ಹೆಚ್ಚಿನ ಅರ್ಥಗಳಲ್ಲಿ ಇದೆ, ಅಲ್ವಾ? ಆ ಎಳೆ ಹಿಡಿದು ಮಕ್ಕಳಿಗೆ ಕಲಿಸಿದವರು ಇದ್ದೀರಾ? ಯಾವ ಅರ್ಥದಿಂದ ಶುರು ಮಾಡಿದಿರಿ? ದಯವಿಟ್ಟು ತಿಳಿಸಿ.